ಕಟ್ಟುವ ಮೊದಲೇ ಕೊಳ್ಳುವ ಮನೆ: ಚೆನ್ನೈಯ ಹೊಸ ಫ್ಲ್ಯಾಟುಗಳಲ್ಲಿ ಹಣ ಹೂಡುವ ವಿಚಾರ

ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಲ್ಲಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದುಂಟು. ನಿವೃತ್ತಿಯ ಹಣವೋ, ಊರಿನ ಜಮೀನನ್ನು ಮಾರಿ ಬಂದ ಹಣವೋ ಕೈಗೆ ಸೇರಿದಾಗ ಅದನ್ನು ಬ್ಯಾಂಕಿನ ಠೇವಣಿಯಲ್ಲಿಡುವುದು ಲೇಸೋ, ಹಳೆಯ ಮಹಾಬಲಿಪುರದ ರಸ್ತೆಯಲ್ಲಿಯೋ ಪೋರೂರಿನ ಆಸುಪಾಸಿನಲ್ಲಿಯೋ ಏಳುತ್ತಿರುವ ಬಹುಮಹಡಿ ಕಟ್ಟಡದಲ್ಲಿ ಒಂದು ಫ್ಲ್ಯಾಟನ್ನು ಕೊಂಡು ಬಾಡಿಗೆಗೆ ಕೊಡುವುದು ಲೇಸೋ ಎಂಬುದೇ ಆ ಪ್ರಶ್ನೆ. ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಬಿಲ್ಡರು ಒಂದು ಹೇಳುತ್ತಾನೆ, ದಲ್ಲಾಳಿ ಅದನ್ನೇ ಇನ್ನಷ್ಟು ಬಣ್ಣಿಸುತ್ತಾನೆ, ಈ ಮೊದಲೇ ಕೊಂಡ ಬಂಧುಗಳು ತಮ್ಮ ಭಾಗ್ಯವನ್ನೋ ದೌರ್ಭಾಗ್ಯವನ್ನೋ ಮುಂದಿಡುತ್ತಾರೆ. ಇವೆಲ್ಲಕ್ಕೂ ಮೊದಲು ವಿಚಾರಿಸಬೇಕಾದುದು ಬೇರೆಯೊಂದಿದೆ. ಹೀಗೆ ಕೊಳ್ಳುವವನು ನಿಜವಾಗಿ ಕೊಳ್ಳುವುದು ಏನನ್ನು? ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ ಅಪಾಯವೆಷ್ಟು, ಅದು ಎಲ್ಲೆಲ್ಲಿ ಅಡಗಿದೆ ಎಂಬುದನ್ನು ತೂಗಿನೋಡುವುದು ಅಷ್ಟೇನೂ ಕಷ್ಟವಲ್ಲ.

ಪಾಶ್ಚಾತ್ಯರು ಇಂತಹ ಮನೆಗೆ ‘ಕಾಂಡೊಮಿನಿಯಂ’ ಎಂಬ ಲ್ಯಾಟಿನ್ ಪದವನ್ನು ಬಳಸುತ್ತಾರೆ. ಕೂಡಿದ ಒಡೆತನ ಎಂದು ಅದರ ಅರ್ಥ. ನಮ್ಮಲ್ಲಿ ಈ ಕೂಡು ಒಡೆತನದ ತಿರುಳು ಇರುವುದು ನೆಲದಲ್ಲಿ. ನಾಲ್ಕು ಗೋಡೆಗಳ ನಡುವಣ ಮನೆ ಕೊಂಡವನೊಬ್ಬನದು. ಅದರ ಕೆಳಗಿನ ನೆಲ ಎಲ್ಲರದು. ಆ ನೆಲದಲ್ಲಿ ಅವನಿಗೆ ಸೇರತಕ್ಕ ಭಾಗಕ್ಕೆ ‘ಅವಿಭಕ್ತ ಪಾಲು’ ಎಂದು ಹೆಸರು. ಚೆನ್ನೈಯ ಮಾತಿನಲ್ಲಿ ಅದು ‘ಯು.ಡಿ.ಎಸ್.’ ಎಂಬ ಮೂರು ಅಕ್ಷರಗಳಾಗಿ ಮನೆಮಾತಾಗಿದೆ. ಅವಿಭಕ್ತವೆಂಬ ಮಾತು ಧರ್ಮಶಾಸ್ತ್ರವನ್ನು ಬಲ್ಲ ವಾಚಕರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯನ್ನು ಅನುಸರಿಸಿದ ನ್ಯಾಯದಲ್ಲಿ ಅವಿಭಕ್ತ ಕುಟುಂಬದವನ ಪಾಲು ಇಂತಿಷ್ಟೆಂದು ಗೊತ್ತಾಗುವುದು ವಿಭಾಗವಾದಾಗಲೇ. ವಿಭಾಗವನ್ನು ಕೇಳುವ ಹಕ್ಕು ಮಾತ್ರ ಅವನಿಗುಂಟು. ಫ್ಲ್ಯಾಟಿನವನ ಸ್ಥಿತಿ ಇದಕ್ಕೆ ನೇರ ವಿರುದ್ಧವಾದುದು. ಅವನ ಪಾಲು ಇಷ್ಟೇ ಚದರಡಿಯೆಂದು ಮೊದಲ ದಿನವೇ ಪತ್ರದಲ್ಲಿ ಬರೆದಿರುತ್ತದೆ. ಆದರೆ ಅದನ್ನು ಬೇರ್ಪಡಿಸಿ ಕೊಡಿರೆಂದು ಅವನು ಎಂದೂ ಕೇಳುವಂತಿಲ್ಲ. ಗುರುತೇ ಇಲ್ಲದ ನೂರು ಮನೆಯವರೊಡನೆ ವಿಭಾಗವಿಲ್ಲದ ಕುಟುಂಬಕ್ಕೆ ಸೇರಿದಂತೆಯೇ ಸರಿ.

ಈ ಪಾಲಿನ ಅಳತೆ ಮನೆಯಿಂದ ಮನೆಗೆ ಬಹಳ ವ್ಯತ್ಯಾಸವಾಗುತ್ತದೆ. ಕೊಳ್ಳುವವರಲ್ಲಿ ಅನೇಕರು ಇದನ್ನು ಗಮನಿಸುವುದೇ ಇಲ್ಲ. ನೆಲದ ಅಳತೆಗೆ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದೆಂಬ ಅನುಪಾತಕ್ಕೆ ಎಫ್.ಎಸ್.ಐ. ಎನ್ನುತ್ತಾರೆ. ಚೆನ್ನೈಯಲ್ಲಿ ಮೊದಲು ಸಾಧಾರಣ ಕಟ್ಟಡಗಳಿಗೆ ಇದು ಒಂದೂವರೆ ಪಟ್ಟು ಇದ್ದಿತು. ೨೦೧೯ರ ತಮಿಳುನಾಡು ಕಟ್ಟಡ ನಿಯಮಗಳು ಅದನ್ನು ೨ಕ್ಕೆ ಏರಿಸಿದುವು. ಅಗಲವಾದ ರಸ್ತೆಯ ಮೇಲಣ ಎತ್ತರದ ಕಟ್ಟಡಗಳಿಗೆ ೩.೨೫, ಅದರ ಮೇಲೆ ಶುಲ್ಕ ತೆತ್ತು ಇನ್ನೂ ಅರ್ಧದಷ್ಟನ್ನು ಕೂಡಿಸಿಕೊಳ್ಳುವ ಅವಕಾಶವೂ ಉಂಟು. ಈಗ ೧,೨೦೦ ಚದರಡಿಯ ಒಂದು ಫ್ಲ್ಯಾಟನ್ನು ತೆಗೆದುಕೊಂಡು ಸ್ಥೂಲವಾಗಿ ಲೆಕ್ಕ ಹಾಕೋಣ. ಹಳೆಯ ಒಂದೂವರೆ ಪಟ್ಟಿನ ಕಟ್ಟಡದಲ್ಲಿ ಅದಕ್ಕೆ ೮೦೦ ಚದರಡಿ ನೆಲ ಬರುತ್ತಿದ್ದಿತು. ಎರಡು ಪಟ್ಟಿನಲ್ಲಿ ೬೦೦. ಮೂರೂಕಾಲು ಪಟ್ಟಿನಲ್ಲಿ ಸುಮಾರು ೩೭೦. ಶುಲ್ಕ ತೆತ್ತು ಹೆಚ್ಚಿಸಿಕೊಂಡ ಗೋಪುರದಲ್ಲಿ ೨೪೬ ಮಾತ್ರ. ನೆಲದ ಬೆಲೆ ಚದರಡಿಗೆ ೬,೦೦೦ ರೂಪಾಯಿ ಇರುವ ಕಡೆಯಲ್ಲಿ ಫ್ಲ್ಯಾಟಿನ ಬೆಲೆ ೮೦ ಲಕ್ಷವೆಂದು ಇಟ್ಟುಕೊಂಡರೆ, ಒಂದರಲ್ಲಿ ೩೬ ಲಕ್ಷದ ನೆಲವೂ ಇನ್ನೊಂದರಲ್ಲಿ ೧೫ ಲಕ್ಷಕ್ಕೂ ಕಡಮೆಯ ನೆಲವೂ ಸೇರಿದಂತಾಯಿತು. ಉಳಿದುದೆಲ್ಲ ಸಿಮೆಂಟು, ಕಬ್ಬಿಣ, ಈಜುಕೊಳ, ಬಿಲ್ಡರಿನ ಲಾಭ. ಕಟ್ಟಡಕ್ಕೆ ವಯಸ್ಸಾಗುತ್ತದೆ, ನೆಲಕ್ಕೆ ಆಗುವುದಿಲ್ಲ. ಬಾಳಿ ಬದುಕುವುದಕ್ಕೆ ಕೊಳ್ಳುವವನಿಗೆ ಈ ವ್ಯತ್ಯಾಸ ಅಷ್ಟು ಮುಖ್ಯವಲ್ಲದಿರಬಹುದು. ಹಣ ಬೆಳೆಯಲೆಂದು ಕೊಳ್ಳುವವನಿಗೆ ಇದೇ ಮೊದಲ ಪ್ರಶ್ನೆ.

ಬಹುಕಾಲ ಈ ನಗರದಲ್ಲಿ ಒಂದು ಫ್ಲ್ಯಾಟಿಗೆ ಎರಡು ಪತ್ರಗಳಾಗುತ್ತಿದ್ದುವು: ನೆಲದ ಪಾಲಿಗೆ ಕ್ರಯಪತ್ರ, ಮನೆ ಕಟ್ಟಿಕೊಡುವುದಕ್ಕೆ ಬೇರೆ ಕರಾರು. ಬೆಂಗಳೂರಿನಿಂದ ಬಂದವರಿಗೆ ಈ ಎರಡರ ಲೆಕ್ಕ ಗೊಂದಲವಾಗಿಯೇ ಕಾಣುತ್ತಿದ್ದಿತು. ಆದರೆ ಅದರಲ್ಲಿ ಕೊಳ್ಳುವವನಿಗೆ ಒಂದು ರಕ್ಷೆಯಿದ್ದಿತು. ಅಡಿಪಾಯದ ಹೊತ್ತಿಗೇ ನೆಲದ ಪಾಲು ಅವನ ಹೆಸರಿಗೆ ನೋಂದಣಿಯಾಗಿ, ಮುಂದೆ ಕಟ್ಟಡ ನಿಂತುಹೋದರೂ ಅಷ್ಟು ಮಾತ್ರ ಅವನದಾಗಿ ಉಳಿಯುತ್ತಿದ್ದಿತು. ೨೦೨೩ರ ಡಿಸೆಂಬರಿನಲ್ಲಿ ಸರಕಾರವು ನೆಲವನ್ನೂ ಕಟ್ಟಡವನ್ನೂ ಕೂಡಿಸಿದ ಬೆಲೆಯ ಮೇಲೆ ಫ್ಲ್ಯಾಟನ್ನು ನೋಂದಣಿ ಮಾಡುವ ಕ್ರಮವನ್ನು ತಂದಿತು. ಇದರ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಕೊಳ್ಳುವವನು ಕೇಳಿ ತಿಳಿಯಬೇಕಾದುದು ಇಷ್ಟು: ನೆಲದ ಪಾಲು ತನ್ನ ಹೆಸರಿಗೆ ಬರುವುದು ಯಾವ ದಿನ? ಆ ದಿನದೊಳಗೆ ತಾನು ತೆರಬೇಕಾದ ಹಣವೆಷ್ಟು? ಈ ಎರಡರ ನಡುವಣ ಕಾಲದಲ್ಲಿ ಅವನು ಒಡೆಯನಲ್ಲ, ಬಿಲ್ಡರಿಗೆ ಸಾಲ ಕೊಟ್ಟವನು. ಅದೂ ಅಡವಿಲ್ಲದ ಸಾಲ. ನನ್ನ ಮಟ್ಟಿಗೆ ಹೊಸ ಫ್ಲ್ಯಾಟಿನ ಅಪಾಯವನ್ನೆಲ್ಲ ಈ ಒಂದು ದೃಷ್ಟಿಯಿಂದ ನೋಡುವುದೇ ಯುಕ್ತವೆಂದು ತೋರುತ್ತದೆ.

ನೆಲ ತನ್ನದಾಗಬೇಕಾದರೆ ಅದು ಮೊದಲು ಮಾರುವವನದಾಗಿರಬೇಕಷ್ಟೆ. ಅನೇಕ ಕಡೆಗಳಲ್ಲಿ ನೆಲ ಒಬ್ಬರದು, ಕಟ್ಟುವವರು ಮತ್ತೊಬ್ಬರು. ನಡುವೆ ಒಂದು ಅಧಿಕಾರಪತ್ರವೂ ಮನೆಗಳನ್ನು ಹಂಚಿಕೊಳ್ಳುವ ಕರಾರೂ ಇರುತ್ತವೆ. ಇವರಿಬ್ಬರಲ್ಲಿ ವ್ಯಾಜ್ಯ ಹುಟ್ಟಿದರೆ ಕಟ್ಟಡ ಅರ್ಧಕ್ಕೆ ನಿಲ್ಲುತ್ತದೆ. ಅಲ್ಲದೆ ದಾಖಲೆಗಳು ತಮಿಳಿನಲ್ಲಿವೆ. ಕರ್ನಾಟಕದಲ್ಲಿ ಪಹಣಿ, ಖಾತೆ ಎಂದು ಅಭ್ಯಾಸವಾದವರು ಇಲ್ಲಿ ಪಟ್ಟಾ, ಚಿಟ್ಟಾ, ಅಡಂಗಲ್ ಎಂಬುವನ್ನು ನೋಡಬೇಕು. ತಮಿಳರು ‘ತಾಯ್ ಪತ್ತಿರಂ’ ಎಂದು ಅಂದವಾಗಿ ಕರೆಯುವ ಮೂಲಪತ್ರದಿಂದ ಇಂದಿನವರೆಗೆ ಕೊಂಡಿ ಕಳಚದಂತೆ ನೋಡಬೇಕು. ಋಣಭಾರ ಪತ್ರವನ್ನು ಮೂವತ್ತು ವರ್ಷಗಳಿಗೆ ತೆಗೆಸಬೇಕು. ಬ್ಯಾಂಕು ಸಾಲ ಕೊಟ್ಟಿತೆಂಬುದರಿಂದಲೇ ಹಕ್ಕು ಶುದ್ಧವೆಂದು ತಿಳಿಯುವುದು ತರವಲ್ಲ. ಬ್ಯಾಂಕಿನ ವಕೀಲರು ಪರಾಂಬರಿಸುವುದು ಬ್ಯಾಂಕಿನ ಹಿತವನ್ನು. ಸಾಲಗಾರನ ಸಂಬಳದ ಮೇಲೆಯೂ ಅವರಿಗೆ ಹಿಡಿತವಿರುತ್ತದೆ. ತಮಿಳು ಓದಬಲ್ಲ ಸ್ವತಂತ್ರ ವಕೀಲರೊಬ್ಬರಿಗೆ ಕೊಡುವ ಶುಲ್ಕವನ್ನು ಉಳಿಸಹೋಗುವುದು ಜಾಣತನವಲ್ಲ.

ಹಳೆಯ ಕಂದಾಯದ ಪುಸ್ತಕದಲ್ಲಿ ಆ ಸರ್ವೆ ನಂಬರು ಯಾವ ವರ್ಗಕ್ಕೆ ಸೇರಿದ್ದಿತೆಂಬುದನ್ನೂ ನೋಡತಕ್ಕದ್ದು. ‘ಏರಿ’ ಎಂದರೆ ಕೆರೆ. ‘ಕಳುವೆಲಿ’ ಎಂದರೆ ಜೌಗು. ‘ಪೊರಂಬೋಕು’ ಎಂದರೆ ಸಾರ್ವಜನಿಕ ನೆಲ. ಈ ಪದಗಳು ಎಲ್ಲಿ ಕಂಡರೂ ಅಲ್ಲಿ ನಿಲ್ಲಬೇಕು. ನಗರದ ದಕ್ಷಿಣಕ್ಕಿರುವ ಪಳ್ಳಿಕರಣೆಯ ಜೌಗು, ಸುತ್ತಣ ಕೆರೆಗಳ ನೀರನ್ನು ಹೀರಿಕೊಂಡು ಸಮುದ್ರಕ್ಕೆ ಬಿಡುತ್ತಿದ್ದ ವಿಸ್ತಾರವಾದ ತಾಣ. ಅದರ ಬಹುಭಾಗ ಕಟ್ಟಡ, ರಸ್ತೆ, ಕಸದ ರಾಶಿಗಳಡಿಯಲ್ಲಿ ಹೋಯಿತು. ಉಳಿದುದಕ್ಕೆ ೨೦೨೨ರಲ್ಲಿ ರಾಮ್‌ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ೨೦೧೫ರ ಡಿಸೆಂಬರಿನಲ್ಲಿ ಅಡೆಯಾರು ಉಕ್ಕಿ ಮುಡಿಚ್ಚೂರು, ಕೋಟ್ಟೂರುಪುರಂ ಮೊದಲಾದ ಭಾಗಗಳು ಮುಳುಗಿದುವು. ೨೦೨೩ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ವೇಳಚ್ಚೇರಿ, ಪಳ್ಳಿಕರಣೆ, ಪೆರುಂಬಾಕ್ಕಂಗಳಲ್ಲಿ ಜನ ದಿನಗಟ್ಟಲೆ ನೀರಿನ ನಡುವೆ ಕುಳಿತರು. ಎತ್ತರದ ಮಹಡಿಯವನ ಮನೆಯೊಳಗೆ ನೀರು ಬರಲಿಲ್ಲ, ನಿಜ. ಆದರೆ ವಿದ್ಯುತ್ತು, ಲಿಫ್ಟು, ನೆಲಮಾಳಿಗೆಯ ಮೋಟಾರುಗಳು ಎಲ್ಲರಿಗೂ ಒಂದೇ. ಬೇಸಗೆಯ ಕಷ್ಟ ಇದಕ್ಕಿಂತ ಬೇರೆ. ೨೦೧೯ರಲ್ಲಿ ನಗರಕ್ಕೆ ನೀರೂಡಿಸುವ ನಾಲ್ಕು ಜಲಾಶಯಗಳೂ ಹೆಚ್ಚುಕಡಮೆ ಬರಿದಾದಾಗ, ಬೆಂಗಳೂರಿನ ರೈಲಿನಲ್ಲಿ ಓಡಾಡುವ ನಮಗೆಲ್ಲ ಪರಿಚಿತವಾದ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಕೊಳವೆಯ ನೀರು ತಲಪದ ಹೊರವಲಯದ ಕಟ್ಟಡಗಳು ಲಾರಿಯ ನೀರನ್ನೇ ನಂಬಿವೆ. ಇಂತಹ ಕಡೆಯಲ್ಲಿ ಬಾಡಿಗೆದಾರನು ಬೇಸಗೆಗೆ ಮೊದಲೇ ಮನೆ ಖಾಲಿ ಮಾಡಿಹೋದರೆ ಆಶ್ಚರ್ಯವಿಲ್ಲ. ಮನೆ ನೋಡುವುದಕ್ಕೆ ಮಾರ್ಚಿಯಲ್ಲಿ ಹೋಗದೆ ನವೆಂಬರಿನಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಹೋಗುವುದು ಒಳ್ಳೆಯದು.

ಇನ್ನು ಕಟ್ಟಡದ ಮಾತು. ಪೋರೂರಿಗೆ ಸಮೀಪದ ಮೌಳಿವಾಕ್ಕಂನಲ್ಲಿ ಹನ್ನೊಂದು ಮಹಡಿಗಳ ಎರಡು ಗೋಪುರಗಳು ಅಕ್ಕಪಕ್ಕದಲ್ಲಿ ಏಳುತ್ತಿದ್ದುವು. ೨೦೧೪ರ ಜೂನ್ ೨೮ರ ಸಂಜೆ ಮಳೆಯಲ್ಲಿ ಅವುಗಳಲ್ಲೊಂದು ಕುಸಿದುಬಿದ್ದಿತು. ಸತ್ತವರು ೬೧ ಮಂದಿ. ಬಹುಪಾಲು ದೂರದೂರಗಳಿಂದ ದುಡಿಯಲು ಬಂದ ಕೂಲಿಕಾರರು. ಉಳಿದ ಗೋಪುರದ ಹೆಸರು ‘ಫೇಯ್ತ್’, ಬಿದ್ದುದರದು ‘ಬಿಲೀಫ್’. ಕನ್ನಡದಲ್ಲಿ ಶ್ರದ್ಧೆ, ನಂಬಿಕೆ ಎನ್ನಬಹುದು. ಹೆಸರಿಟ್ಟವರಿಗೆ ವ್ಯಂಗ್ಯದ ಉದ್ದೇಶವಿರಲಿಲ್ಲವೆಂಬುದೇ ಇಲ್ಲಿನ ವಿಷಾದ. ಸರಕಾರವು ನಿವೃತ್ತ ನ್ಯಾಯಾಧೀಶ ಆರ್. ರಘುಪತಿಯವರ ಏಕಸದಸ್ಯ ಆಯೋಗವನ್ನು ನೇಮಿಸಿ ವಿಚಾರಣೆ ನಡೆಸಿತು. ಎರಡನೆಯ ಗೋಪುರವೂ ಅಪಾಯಕರವೆಂದು ತೀರ್ಮಾನವಾಗಿ ೨೦೧೬ರ ನವೆಂಬರ್ ೨ರಂದು ಸಿಡಿಮದ್ದಿಟ್ಟು ಕ್ಷಣಮಾತ್ರದಲ್ಲಿ ಅದನ್ನು ಕೆಡವಿದರು.

ಈ ಪ್ರಕರಣದಿಂದ ಕೊಳ್ಳುವವನು ತಿಳಿಯಬೇಕಾದ ಸಂಗತಿಗಳೆರಡು. ಆ ಗೋಪುರಗಳು ಕಳ್ಳತನದಲ್ಲಿ ಎದ್ದುವಲ್ಲ, ಸಿ.ಎಂ.ಡಿ.ಎ. ಎಂದು ನಾವು ಕರೆಯುವ ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಅವಕ್ಕಿದ್ದಿತು. ನಕ್ಷೆಯ ಮಂಜೂರಾತಿಯೆಂದರೆ ಎತ್ತರ, ಅಂಚು, ರಸ್ತೆಯಗಲ, ವಾಹನ ನಿಲ್ಲುವ ಜಾಗ ನಿಯಮಕ್ಕೆ ಹೊಂದುತ್ತವೆಂಬುದಷ್ಟೆ. ಕಂಬ ಭಾರ ಹೊರುತ್ತದೆಯೋ, ಮಣ್ಣು ಕಂಬವನ್ನು ಹೊರುತ್ತದೆಯೋ ಎಂಬುದು ರಚನಾ ಇಂಜಿನಿಯರರ ಹೊಣೆ. ಆದ್ದರಿಂದ ಮಣ್ಣಿನ ಪರೀಕ್ಷೆಯ ವರದಿ, ರಚನಾ ಇಂಜಿನಿಯರರ ಹೆಸರು, ಅವರ ವಿನ್ಯಾಸವನ್ನು ಬೇರೊಬ್ಬರು ಪರಿಶೀಲಿಸಿದರೇ ಎಂಬುದು, ಈ ಮೂರನ್ನು ಕೇಳಲು ಕೊಳ್ಳುವವನು ಸಂಕೋಚಪಡಬಾರದು. ಅಮೃತಶಿಲೆಯ ಬಣ್ಣ ಯಾವುದೆಂದು ಕೇಳುವವರು ಬಹಳ. ಇದನ್ನು ಕೇಳುವವರು ವಿರಳ. ಎರಡನೆಯದು, ಕಟ್ಟಡ ಬಿದ್ದ ಮಾತ್ರಕ್ಕೆ ಬ್ಯಾಂಕಿನ ಸಾಲ ಬೀಳುವುದಿಲ್ಲ. ಸಾಲದ ಕರಾರು ಕೊಂಡವನಿಗೂ ಬ್ಯಾಂಕಿಗೂ ಆದುದು. ಬಿಲ್ಡರಿನ ತಪ್ಪಿಗೆ ಅಲ್ಲಿ ಕಂತು ನಿಲ್ಲುವುದಿಲ್ಲ. ಕೈಯಲ್ಲಿ ಉಳಿಯುವುದು, ನೋಂದಣಿಯಾಗಿದ್ದರೆ, ನೆಲದ ಪಾಲೊಂದೇ.

ಮೌಳಿವಾಕ್ಕಂ ಅಪರೂಪದ ದುರಂತ. ನಿತ್ಯದ ಅಪಾಯವೆಂದರೆ ವಿಳಂಬ. ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ, ಎಂದರೆ ‘ರೇರಾ’, ಈ ವಿಷಯದಲ್ಲಿ ಬಹಳಷ್ಟು ಕೆಲಸ ಮಾಡಿದೆ. ೫೦೦ ಚದರ ಮೀಟರಿಗೆ ಮೀರಿದ ನೆಲದಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟಿ ಮಾರುವ ಯೋಜನೆ ನೋಂದಣಿಯಾಗಿರಬೇಕು. ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡ ೭೦ನ್ನು ಬೇರೆ ಖಾತೆಯಲ್ಲಿಟ್ಟು ಆ ಯೋಜನೆಯ ನೆಲಕ್ಕೂ ಕಟ್ಟಡಕ್ಕೂ ಮಾತ್ರ ತೆಗೆಯಬೇಕು. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ತೆಗೆದುಕೊಳ್ಳಕೂಡದು. ಗೋಡೆಗೋಡೆಗಳ ನಡುವಣ ನಿಜವಾದ ಅಳತೆಯನ್ನೇ ಹೇಳಬೇಕು. ಮನೆ ಒಪ್ಪಿಸಿದ ಐದು ವರ್ಷಗಳೊಳಗೆ ಕಂಡ ರಚನಾದೋಷವನ್ನು ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ತಮಿಳುನಾಡಿನಲ್ಲಿ ಇದರ ನಿಯಮಗಳು ೨೦೧೭ರಲ್ಲಿ ಬಂದುವು. ಇಲ್ಲಿನ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಅಂಡಮಾನ್ ನಿಕೋಬಾರ್ ದ್ವೀಪಗಳೂ ಸೇರಿವೆ. ಮನೆ ಸಕಾಲಕ್ಕೆ ದೊರೆಯದಿದ್ದರೆ ಬಡ್ಡಿಸಹಿತ ಹಣ ಹಿಂದಕ್ಕೆ ಪಡೆಯುವುದು ಕೊಂಡವನ ನಿರುಪಾಧಿಕವಾದ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೧ರ ನವೆಂಬರಿನಲ್ಲಿ ತೀರ್ಪಿತ್ತಿತು.

ಇಷ್ಟಾದರೂ ಆಜ್ಞೆ ಬೇರೆ, ವಸೂಲಿ ಬೇರೆ. ಪ್ರಾಧಿಕಾರದ ಆಜ್ಞೆಯಂತೆ ಬಿಲ್ಡರು ಹಣ ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ಕಲೆಕ್ಟರರ ಮೂಲಕ ವಸೂಲು ಮಾಡಬೇಕು. ಬಿಲ್ಡರಿನ ಹೆಸರಿನಲ್ಲಿ ಆಸ್ತಿಯಿದ್ದರೆ ತಾನೆ! ವಿಳಂಬದ ಬೆಲೆಯನ್ನು ಒಮ್ಮೆ ಲೆಕ್ಕಹಾಕಿ ನೋಡೋಣ. ೮೦ ಲಕ್ಷದ ಫ್ಲ್ಯಾಟಿಗೆ ೬೦ ಲಕ್ಷ ಸಾಲ, ಬಡ್ಡಿ ಶೇಕಡ ಎಂಟೂವರೆ ಎಂದರೆ ಪೂರ್ತಿ ಸಾಲ ಪಡೆದ ಮೇಲೆ ವರ್ಷಕ್ಕೆ ೫ ಲಕ್ಷ ೧೦ ಸಾವಿರ ಬಡ್ಡಿ. ತಿಂಗಳಿಗೆ ೨೨,೦೦೦ ಬಾಡಿಗೆ ಬರಬಹುದಾಗಿದ್ದರೆ ವರ್ಷಕ್ಕೆ ೨ ಲಕ್ಷ ೬೪ ಸಾವಿರ ತಪ್ಪಿತು. ಎರಡು ವರ್ಷ ತಡವಾದರೆ ಹದಿನೈದೂವರೆ ಲಕ್ಷಕ್ಕೆ ಹತ್ತಿರ. ಎಂದರೆ ಬೆಲೆಯ ಸುಮಾರು ಐದನೆಯ ಒಂದು ಪಾಲು. ‘ಮೊದಲೇ ಕೊಂಡರೆ ಅಗ್ಗ’ ಎಂದು ಬಿಲ್ಡರು ಬಿಡುವ ರಿಯಾಯಿತಿಯನ್ನು ಈ ಮೊತ್ತದೊಡನೆ ಹೋಲಿಸಬೇಕು. ಕಟ್ಟುತ್ತಿರುವ ಮನೆಗೆ ಸರಕು ಮತ್ತು ಸೇವಾ ತೆರಿಗೆಯೂ ಉಂಟು. ೨೦೧೯ರ ಏಪ್ರಿಲಿನಿಂದ ಅದು ಸಾಮಾನ್ಯವಾಗಿ ಶೇಕಡ ೫, ಕೈಗೆಟಕುವ ದರದ ವರ್ಗದ ಮನೆಗಳಿಗೆ ೧. ಪೂರ್ಣತಾ ಪ್ರಮಾಣಪತ್ರ ಬಂದ ಮೇಲೆ ಮಾರುವ ಮನೆಗೆ ಈ ತೆರಿಗೆಯೇ ಇಲ್ಲ.

‘ಮನೆ ಒಪ್ಪಿಸುವವರೆಗೆ ಕಂತು ನಮ್ಮದು’ ಎಂಬ ಆಮಿಷವನ್ನು ಪ್ರತ್ಯೇಕವಾಗಿ ಹೇಳಬೇಕು. ಬ್ಯಾಂಕಿನ ಕಾಗದದಲ್ಲಿ ಸಾಲಗಾರನ ಹೆಸರು ಕೊಳ್ಳುವವನದೇ. ಬಿಲ್ಡರು ಕಂತು ನಿಲ್ಲಿಸಿದ ದಿನ ನೋಟೀಸು ಬರುವುದೂ ಇವನಿಗೇ. ೨೦೧೯ರ ಜುಲೈಯಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಇಂತಹ ಸಾಲಗಳಿಂದ ದೂರವಿರಿರೆಂದು ಗೃಹಸಾಲದ ಕಂಪೆನಿಗಳಿಗೆ ತಿಳಿಸಿತು. ದೆಹಲಿಯ ಸುತ್ತಮುತ್ತ ಸಾವಿರಾರು ಮಂದಿ ಇದರಲ್ಲಿ ಸಿಲುಕಿ, ೨೦೨೫ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಲ್ಡರುಗಳಿಗೂ ಬ್ಯಾಂಕುಗಳಿಗೂ ಇದ್ದ ಸಂಬಂಧದ ಮೇಲೆ ಸಿ.ಬಿ.ಐ. ತನಿಖೆ ನಡೆಸಲು ಆಜ್ಞಾಪಿಸಿತು.

ಹಣ ಹೂಡುವವನು ಇನ್ನೂ ಎಚ್ಚರದಿಂದ ಓದಬೇಕಾದ ತೀರ್ಪು ಅದೇ ವರ್ಷದ ಸೆಪ್ಟೆಂಬರಿನದು. ಬಿಲ್ಡರು ದಿವಾಳಿಯಾದಾಗ ಮನೆ ಕೊಂಡವರನ್ನು ಹಣಕಾಸಿನ ಸಾಲಿಗರೆಂದು ಎಣಿಸಬೇಕೆಂದು ೨೦೧೮ರಲ್ಲಿ ದಿವಾಳಿ ಸಂಹಿತೆಗೆ ತಿದ್ದುಪಡಿಯಾಗಿತ್ತು; ೨೦೨೦ರಲ್ಲಿ, ಅರ್ಜಿ ಹಾಕಲು ಒಂದೇ ಯೋಜನೆಯ ನೂರು ಮಂದಿಯಾಗಲಿ ಹತ್ತನೆಯ ಒಂದು ಪಾಲಿನವರಾಗಲಿ ಕೂಡಬೇಕೆಂಬ ನಿಬಂಧನೆ ಸೇರಿತು. ೨೦೨೫ರ ತೀರ್ಪು ಇನ್ನೊಂದು ಗೆರೆಯೆಳೆದಿದೆ. ವಾಸಕ್ಕೆ ಮನೆ ಬೇಕೆಂದು ಕೊಂಡವರು ಒಂದು ಬಗೆ. ಇಷ್ಟು ವರ್ಷದಲ್ಲಿ ಇಷ್ಟು ಲಾಭದೊಡನೆ ಹಿಂದಕ್ಕೆ ಕೊಳ್ಳುತ್ತೇವೆಂಬ ಭರವಸೆಯ ಮೇಲೆ ಹಣ ಕೊಟ್ಟ ಸಟ್ಟಾ ಹೂಡಿಕೆದಾರರು ಬೇರೊಂದು ಬಗೆ. ಎರಡನೆಯವರು ಆ ಸಂಹಿತೆಯನ್ನು ವಸೂಲಿಯ ಆಯುಧವಾಗಿ ಬಳಸುವಂತಿಲ್ಲ. ಹಾಗಾಗಿ ‘ಖಚಿತ ಆದಾಯ’ ಎಂದು ಬರೆದುಕೊಡುವ ಕಾಗದ ಹಣ ಹೂಡಿದವನ ಕೈಯನ್ನು ಬಲಪಡಿಸುವ ಬದಲು ಕಟ್ಟಿಹಾಕಲೂಬಹುದು.

ಎಲ್ಲವೂ ಸರಿಹೋಗಿ, ಸಕಾಲಕ್ಕೆ ಮನೆಯೂ ಬಂದಿತೆಂದು ಇಟ್ಟುಕೊಳ್ಳೋಣ. ತೆರಿಗೆ, ನೋಂದಣಿ, ಒಳಗಣ ಮರಗೆಲಸಗಳು ಸೇರಿ ೮೦ ಲಕ್ಷ ೯೦ ಆಗಿರುತ್ತದೆ. ಬಾಡಿಗೆಯಲ್ಲಿ ಆಸ್ತಿತೆರಿಗೆ, ದುರಸ್ತಿ, ಖಾಲಿಬಿದ್ದ ತಿಂಗಳುಗಳನ್ನು ಕಳೆದು ೨ ಲಕ್ಷ ೨೦ ಸಾವಿರ ಉಳಿದರೆ ನೂರಕ್ಕೆ ಎರಡೂವರೆಯಷ್ಟೂ ಆಗಲಿಲ್ಲ. ಶೇಕಡ ೭ರ ಠೇವಣಿಗೆ ಸಮನಾಗಬೇಕಾದರೆ ಮನೆಯ ಬೆಲೆ ವರ್ಷವರ್ಷವೂ ಶೇಕಡ ನಾಲ್ಕೂವರೆಯಂತೆ ಏರಬೇಕು. ಹತ್ತು ವರ್ಷ ಕಳೆದ ಮನೆಯನ್ನು ೧ ಕೋಟಿ ೪೦ ಲಕ್ಷಕ್ಕೆ ಕೊಳ್ಳುವವನು ದೊರೆಯಬೇಕು. ಎದುರಿಗೇ ಹೊಸ ಗೋಪುರ ಎದ್ದಿರುವಲ್ಲಿ ಹಳೆಯದಕ್ಕೆ ಆ ಬೆಲೆ ಕೊಡುವವರಾರು? ನೆಲದ ಪಾಲು ದೊಡ್ಡದಾಗಿದ್ದರೆ ಕೊಟ್ಟಾರು. ಆದಕಾರಣ ಕೇವಲ ಹಣ ಹೂಡುವ ಉದ್ದೇಶವಿರುವವರು ಪೂರ್ಣತಾ ಪ್ರಮಾಣಪತ್ರ ಬಂದ, ಅಥವಾ ಬರುವುದಕ್ಕೆ ಕೆಲವೇ ತಿಂಗಳುಗಳಿರುವ, ನಾಲ್ಕೈದು ಮಹಡಿ ಮೀರದ ಕಟ್ಟಡಗಳನ್ನು ಮೊದಲು ನೋಡಬೇಕೆಂದು ನನ್ನ ಅಭಿಪ್ರಾಯ. ಬೆಲೆ ತುಸು ಹೆಚ್ಚೆನಿಸಿದರೂ ಅಪಾಯದ ಬಹುಭಾಗವನ್ನು ಆ ಹೊತ್ತಿಗೆ ಬೇರೊಬ್ಬರು ಹೊತ್ತು ಮುಗಿಸಿರುತ್ತಾರೆ. ತಾವೇ ವಾಸ ಮಾಡುವವರ ಲೆಕ್ಕ ಬೇರೆ. ಮಕ್ಕಳ ಶಾಲೆ, ವೃದ್ಧರ ಆಸ್ಪತ್ರೆ ಇವನ್ನು ನೂರಕ್ಕಿಷ್ಟೆಂದು ಹೇಳಲಾಗದು.

ಮೈಲಾಪುರ, ತ್ಯಾಗರಾಯನಗರಗಳಲ್ಲಿ ನಮ್ಮವರ ಕೈಯಲ್ಲಿರುವ ಮೂವತ್ತು ನಲವತ್ತು ವರ್ಷಗಳ ಹಳೆಯ ಫ್ಲ್ಯಾಟುಗಳ ವಿಷಯದಲ್ಲಿ ಈ ನೆಲದ ಲೆಕ್ಕ ಈಗ ಪ್ರತ್ಯಕ್ಷವಾಗುತ್ತಿದೆ. ಮೂರು ಮಹಡಿಯ ಆ ಕಟ್ಟಡಗಳು ಒಂದೂವರೆ ಪಟ್ಟಿನ ಕಾಲದವು. ಈಗ ಕೆಡವಿ ಕಟ್ಟಿದರೆ ಹೆಚ್ಚು ಮನೆಗಳಾಗುತ್ತವೆಂದು ಬಿಲ್ಡರುಗಳೇ ಬಾಗಿಲಿಗೆ ಬರುತ್ತಿದ್ದಾರೆ. ಮೊದಲು ಒಬ್ಬ ಒಡೆಯ ಒಪ್ಪದಿದ್ದರೂ ಕೆಲಸ ನಿಲ್ಲುತ್ತಿದ್ದಿತು. ೨೦೨೨ರ ತಮಿಳುನಾಡು ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯು ೨೦೨೪ರಲ್ಲಿ ಜಾರಿಗೆ ಬಂದ ಮೇಲೆ ಮೂರರಲ್ಲಿ ಎರಡು ಪಾಲು ಒಡೆಯರ ಒಪ್ಪಿಗೆ ಸಾಕು. ಹೊಸ ಮನೆಯ ಅಳತೆ, ಕೈಗೆ ಬರುವ ಹಣ, ಕಟ್ಟುವ ಕಾಲದ ಬಾಡಿಗೆ, ಇವೆಲ್ಲವೂ ತೀರ್ಮಾನವಾಗುವುದು ಪ್ರತಿಯೊಬ್ಬನ ಕ್ರಯಪತ್ರದಲ್ಲಿ ಬರೆದ ಚದರಡಿಯ ಆಧಾರದಿಂದ. ಹಳೆಯ ಪತ್ರಗಳಲ್ಲಿ ಈ ಸಂಖ್ಯೆ ತಪ್ಪಿರುವುದೂ, ಎಲ್ಲರ ಪಾಲುಗಳನ್ನು ಕೂಡಿದರೆ ಇಡೀ ನಿವೇಶನದ ಅಳತೆಗೆ ಹೊಂದದಿರುವುದೂ ಉಂಟು. ಅಂತಹವರು ಬಿಲ್ಡರು ಬರುವ ಮೊದಲೇ, ಪತ್ರ ಬರೆದುಕೊಟ್ಟವರು ಬದುಕಿರುವಾಗಲೇ, ತಿದ್ದುಪಡಿ ಪತ್ರ ಮಾಡಿಸಿ ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುವುದು ಸುಲಭ.